ಒಂದು ದಿನ ಗದಗ ಹಾದಿ, ಒಂದು ದಿನ ಚಿಗರಿ ಬಸ್ಸು: ಹುಬ್ಬಳ್ಳಿಗೆ ಬರುವವರಿಗೆ ನನ್ನ ಪ್ಲಾನ್

ನಮಸ್ಕಾರ ಎಲ್ಲರಿಗೂ. ನೀವು ನೋಡುತ್ತಿರುವುದು ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್. ಬೆಳಗಿನ ಹೊತ್ತು, ಅದಕ್ಕೇ ಇಷ್ಟು ಆರಾಮಾಗಿ ಶೂಟ್ ಮಾಡೋಕಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ನಿಲ್ಲಲು ಜಾಗ ಇರುವುದಿಲ್ಲ.

ಈ ವಾರ ಬೆಂಗಳೂರಿನಿಂದ ನನ್ನ ಗೆಳತಿ ಬರುತ್ತಿದ್ದಾಳೆ. ಜೊತೆಗೆ ಅವಳ ಅಮ್ಮ. ಶುಕ್ರವಾರ ಸಂಜೆ ಬಂದು ಇಳಿಯುತ್ತಾರೆ, ರವಿವಾರ ರಾತ್ರಿ ರೈಲಿಗೆ ವಾಪಸ್. ನಡುವೆ ಇರುವುದು ಪೂರ್ತಿ ಎರಡು ದಿನ. ಅವಳು ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ್ದಳು: ಹಂಪಿ, ಬಾದಾಮಿ, ದಾಂಡೇಲಿ, ಸಾಧ್ಯವಾದರೆ ಜೋಗ. ಹುಬ್ಬಳ್ಳಿ ಎಲ್ಲಿ ಅಂತ ಕೇಳಿದೆ. "ಅಲ್ಲಿ ರೂಮ್ ಮಾಡೋಣ" ಅಂದಳು.

ಇದು ನನಗೆ ಹೊಸದಲ್ಲ. ಸುಮಾರು ಜನರಿಗೆ ಹುಬ್ಬಳ್ಳಿ ಅಂದರೆ ಬಸ್ ಬದಲಿಸುವ ಊರು. ಗೋವಾಕ್ಕೆ ಹೋಗುವಾಗ ಚಹಾ ಕುಡಿಯುವ ಊರು. ನಾನು ಇಲ್ಲೇ ಹುಟ್ಟಿ ಬೆಳೆದವಳು. ಈ ಊರಿನ ಸುತ್ತ ಒಂದು ಗಂಟೆಯ ದಾರಿಯಲ್ಲಿ ಏನೇನಿದೆ ಅಂತ ಗೊತ್ತಿರುವವಳು. ಹಾಗಾಗಿ ಈ ಸಲ ಪ್ಲಾನ್ ನಂದೇ ಅಂತ ಹೇಳಿಬಿಟ್ಟೆ. ಇವತ್ತಿನ ವಿಡಿಯೋ ಆ ಪ್ಲಾನಿನ ಬಗ್ಗೆ. ನಿಮ್ಮ ಮನೆಗೂ ಯಾರಾದರೂ ಬರುವವರಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಅಪ್ಪನ ಮಾತು ಹೇಳಬೇಕು. ಅಪ್ಪ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಈ ಭಾಗದ ರಸ್ತೆಗಳು ಅವರ ಬಾಯಲ್ಲೇ ಇವೆ. ನಾನು ನೋಟ್‌ಬುಕ್ಕಿನಲ್ಲಿ ಊರುಗಳ ಹೆಸರು ಬರೆಯುತ್ತ ಕೂತಿದ್ದೆ. ಅದನ್ನು ನೋಡಿ ಅವರು ಅಂದರು, "ಯವ್ವಾ, ಊರ ಹೆಸರ ಬರೀಬ್ಯಾಡ. ಮೊದಲ ಹಾದಿ ಬರಿ. ದಿನಕ್ಕ ಒಂದ ಹಾದಿ ಹಿಡಿ, ಆ ಹಾದಿಯೊಳಗ ಏನೈತಿ ಅದನ್ನ ನೋಡು. ಹಿಂದ ಮುಂದ ಓಡ್ಯಾಡಿದ್ರ ಬರೇ ಬಸ್ ನೋಡಿ ಬರ್ತೀರಿ."

ಎಷ್ಟು ಸರಿ ಅಲ್ವಾ? ಹುಬ್ಬಳ್ಳಿಯಿಂದ ರಸ್ತೆಗಳು ನಾಲ್ಕೂ ಕಡೆ ಹೋಗುತ್ತವೆ. ವಾಯವ್ಯಕ್ಕೆ ಧಾರವಾಡ, ಬೆಳಗಾವಿ. ಪೂರ್ವಕ್ಕೆ ಗದಗ, ಕೊಪ್ಪಳ. ದಕ್ಷಿಣಕ್ಕೆ ಹಾವೇರಿ. ಪಶ್ಚಿಮಕ್ಕೆ ಕಲಘಟಗಿ ದಾಟಿ ಯಲ್ಲಾಪುರದ ಕಾಡು. ಬಾದಾಮಿ ಇಲ್ಲಿಂದ 100 ಕಿಲೋಮೀಟರಿಗೂ ದೂರ, ಹಂಪಿ ಇನ್ನೂ ದೂರ. ಎರಡೂ ದೊಡ್ಡ ಜಾಗಗಳು, ಅವಕ್ಕೆ ಬೇರೆಯೇ ರಜೆ ಬೇಕು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಉಳಿದವು. ಶನಿವಾರ ಗದಗ ಹಾದಿ. ರವಿವಾರ ಹುಬ್ಬಳ್ಳಿ-ಧಾರವಾಡ.

ಯಾರು ಬರುತ್ತಾರೆ ಅನ್ನುವುದನ್ನೂ ನೋಡಬೇಕು. ಗೆಳತಿಗೆ ಫೋಟೋ ಹುಚ್ಚು. ಅವಳ ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಆದರೆ ಅವರು ಹಿಂದೂಸ್ತಾನಿ ಸಂಗೀತ ಕೇಳುವವರು. ಗಂಗೂಬಾಯಿ ಹಾನಗಲ್ ಅಂದರೆ ಕೈ ಮುಗಿಯುತ್ತಾರೆ. ನೃಪತುಂಗ ಬೆಟ್ಟವನ್ನು ಪಟ್ಟಿಯಿಂದ ತೆಗೆದೆ. ಸಂಗೀತಕ್ಕೆ ಸಂಬಂಧಪಟ್ಟ ಜಾಗಗಳನ್ನು ಸೇರಿಸಿದೆ.

ಈಗ ಶನಿವಾರ. ಮನೆಯಿಂದ ಬೆಳಿಗ್ಗೆ 6ಕ್ಕೆ ಹೊರಡುವುದು. ಇದರಲ್ಲಿ ನಾನು ಸ್ವಲ್ಪ ಗಟ್ಟಿ. ಈ ಕಡೆ ಬಿಸಿಲು ಬೇಗ ಏರುತ್ತದೆ. ಗುಡಿಗಳಲ್ಲಿ ಚಪ್ಪಲಿ ಬಿಟ್ಟು ಓಡಾಡಬೇಕು. ಮಧ್ಯಾಹ್ನ ಹನ್ನೆರಡರ ಮೇಲೆ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಏಪ್ರಿಲ್, ಮೇನಲ್ಲಿ ಬರುವವರು ಒಂದು ಜೊತೆ ಕಾಲುಚೀಲ ತನ್ನಿ.

ಇದು ಗದಗ ರಸ್ತೆ. ಊರು ದಾಟುತ್ತಿದ್ದ ಹಾಗೆ ಎರಡೂ ಕಡೆ ಎರೆ ಹೊಲ. ಕಣ್ಣು ಹೋದಷ್ಟು ದೂರ ಸಪಾಟು. ಹಿಂಗಾರಿನಲ್ಲಿ ಬಂದರೆ ಕಡಲೆ, ಜೋಳ, ಕುಸುಬಿ ಕಾಣುತ್ತವೆ. ಈ ಕ್ಲಿಪ್ಪಿನಲ್ಲಿ ಹಳದಿಯಾಗಿ ಕಾಣುತ್ತಿರುವುದು ಕುಸುಬಿ. ಅದರಲ್ಲಿ ಮುಳ್ಳಿರುತ್ತದೆ. ಫೋಟೋಕ್ಕೆ ಅಂತ ಹೊಲದೊಳಗೆ ನುಗ್ಗಬೇಡಿ, ಬದುವಿನ ಮೇಲೆ ನಿಂತು ತೆಗೆದುಕೊಳ್ಳಿ.

ಮೊದಲ ನಿಲುಗಡೆ ಅಣ್ಣಿಗೇರಿ. ಆದಿಕವಿ ಪಂಪ ಹುಟ್ಟಿದ ಊರು ಅಂತ ಹೆಸರು. ಇಲ್ಲಿ ಅಮೃತೇಶ್ವರ ಗುಡಿ ಇದೆ. 11ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರದು. ಬಾದಾಮಿ, ಐಹೊಳೆ ಕಡೆ ಗುಡಿಗಳು ಕೆಂಪಗಿವೆ, ಮರಳುಗಲ್ಲಿನವು. ಇಲ್ಲಿ ಕಲ್ಲು ಬೇರೆ. ಬೂದು-ಹಸಿರು ಬಣ್ಣದ ಬಳಪದ ಕಲ್ಲು. ಮೆತ್ತಗಿರುವ ಕಲ್ಲಾದ್ದರಿಂದ ಉಳಿ ಹೇಳಿದ ಹಾಗೆ ಕೇಳುತ್ತದೆ. ಈ ಕಲ್ಲಿಗೆ ಬಂದ ಮೇಲೆ ಚಾಲುಕ್ಯರ ಶಿಲ್ಪಿಗಳ ಕೈಗೆ ಸಣ್ಣ ಕುಸುರಿ ಸಾಧ್ಯವಾಯಿತು. ಈ ಕಲ್ಲು ಬಳಸಿದ ಚಾಲುಕ್ಯ ಗುಡಿಗಳಲ್ಲಿ ಅಣ್ಣಿಗೇರಿಯದು ಬಹಳ ಮೊದಲಿನದು. ಅದಕ್ಕೇ ಇದನ್ನು ಮೊದಲು ತೋರಿಸುತ್ತೇನೆ. ಇದನ್ನು ಕಣ್ಣಲ್ಲಿಟ್ಟುಕೊಂಡು ಮುಂದಿನ ನಿಲುಗಡೆ ಲಕ್ಕುಂಡಿಗೆ ಹೋದರೆ, ಅದೇ ಕಲ್ಲಿನಲ್ಲಿ ಎಷ್ಟು ದೂರ ಹೋದರು ಅನ್ನುವುದು ತಾನಾಗೇ ಕಾಣುತ್ತದೆ. ಅರ್ಧ ಗಂಟೆ ಸಾಕು. ಹೊರಗೆ ಬಂದು ಚಹಾ, ಮುಂದಕ್ಕೆ.

ಗದಗ ಊರನ್ನು ಬೆಳಿಗ್ಗೆ ಸುಮ್ನೆ ದಾಟಿಬಿಡುವುದು. ಅಲ್ಲಿ ನಿಲ್ಲುವುದು ಸಂಜೆಗೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಗದಗದಿಂದ ಕೊಪ್ಪಳದ ಕಡೆ ಸುಮಾರು 12 ಕಿಲೋಮೀಟರ್ ಹೋದರೆ ಲಕ್ಕುಂಡಿ. ಹೈವೇಗೆ ಅಂಟಿಕೊಂಡೇ ಇದೆ. ಹಂಪಿಗೆ ಹೋಗುವವರು ಇದೇ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಹೋಗಿಬಿಡುತ್ತಾರೆ. ಇಲ್ಲಿ ನಾನು ಪೂರ್ತಿ ಬೆಳಗ್ಗೆ ಇಟ್ಟಿದ್ದೇನೆ. ಎರಡು ದಿನದ ಪ್ಲಾನಿನಲ್ಲಿ ಬೇರೆ ಏನು ಬೇಕಾದರೂ ಕಡಿಮೆ ಮಾಡಿ, ಲಕ್ಕುಂಡಿಯ ಹೊತ್ತು ಕಡಿಮೆ ಮಾಡಬೇಡಿ.

ಹಳೆಯ ಹೆಸರು ಲೊಕ್ಕಿಗುಂಡಿ. ಒಂದು ಕಾಲಕ್ಕೆ ಇಲ್ಲಿ ಟಂಕಸಾಲೆ ಇತ್ತು, ಅಂದರೆ ನಾಣ್ಯ ಹೊಡೆಯುತ್ತಿದ್ದರು. 101 ಗುಡಿ, 101 ಬಾವಿ ಅಂತ ಊರಿನವರು ಹೇಳುತ್ತಾರೆ. ಈಗ ಅಷ್ಟಿಲ್ಲ, ಆದರೂ ಯಾವ ಓಣಿಗೆ ತಿರುಗಿದರೂ ಒಂದು ಕಂಬವೋ ಒಂದು ಶಾಸನವೋ ಎದುರಾಗುತ್ತದೆ. ಮನೆಯ ಕಟ್ಟೆ, ಗುಡಿಯ ಗೋಡೆ, ದನದ ಕೊಟ್ಟಿಗೆ ಎಲ್ಲ ಪಕ್ಕಪಕ್ಕದಲ್ಲೇ.

ಈ ಗುಡಿ ನೋಡಿ. ಕಾಶಿವಿಶ್ವೇಶ್ವರ. ಒಂದೇ ಕಟ್ಟೆಯ ಮೇಲೆ ಎರಡು ಗುಡಿ, ಎದುರು ಬದುರು. ದೊಡ್ಡದು ಶಿವನದು, ಪೂರ್ವಕ್ಕೆ ಮುಖ. ಚಿಕ್ಕದು ಸೂರ್ಯನದು, ಪಶ್ಚಿಮಕ್ಕೆ ಮುಖ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತ ಹಾಗೆ. ಬಾಗಿಲವಾಡದ ಹತ್ತಿರ ಹೋಗಿ. ನಾನು ಕ್ಯಾಮೆರಾ ನಿಧಾನ ಮಾಡುತ್ತಿದ್ದೇನೆ. ಒಂದರ ಪಕ್ಕ ಒಂದು ಪಟ್ಟಿಕೆ, ಪ್ರತಿ ಪಟ್ಟಿಕೆಯಲ್ಲೂ ಬೇರೆ ಕೆತ್ತನೆ. ಬಳ್ಳಿ, ಅದರೊಳಗೆ ಪುಟ್ಟ ಮನುಷ್ಯರು, ಅವರ ಕೈಯಲ್ಲಿ ವಾದ್ಯ. ಕೆಲವು ಕಡೆ ಕೆತ್ತನೆಯ ಹಿಂದೆಯೂ ಕೊರೆದಿದ್ದಾರೆ. ಬೆಳಕು ಓರೆಯಾಗಿ ಬೀಳುವಾಗ ಇದು ಎದ್ದು ಕಾಣುತ್ತದೆ. ಗೆಳತಿಯ ಫೋಟೋಗಳಿಗೆ ಅದಕ್ಕೇ ಬೆಳಿಗ್ಗೆ ಇಲ್ಲಿ. ಒಳಗಿನ ಕಂಬಗಳನ್ನೂ ನೋಡಿ. ತಿರುಗಣಿಗೆ ಹಾಕಿ ತಿರುಗಿಸಿ ನುಣುಪು ಮಾಡಿದ ಕಂಬಗಳು. ಸಾವಿರ ವರ್ಷದ ಹತ್ತಿರ ಆಗುತ್ತಾ ಬಂತು, ಇನ್ನೂ ಮುಖ ಕಾಣುವಷ್ಟು ಹೊಳಪು.

ಇಲ್ಲಿಂದ ಬ್ರಹ್ಮ ಜಿನಾಲಯಕ್ಕೆ ನಡೆದೇ ಹೋಗಬಹುದು. ಈ ಬಸದಿಯನ್ನು ಕಟ್ಟಿಸಿದವಳು ಅತ್ತಿಮಬ್ಬೆ, 1007ರಲ್ಲಿ. ದಾನಚಿಂತಾಮಣಿ ಅಂತ ಕರೆಯುವುದು ಇವಳನ್ನೇ. ರನ್ನನಿಗೆ ಆಶ್ರಯ ಕೊಟ್ಟವಳು. ಅಚ್ಚು ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ 1000 ಪ್ರತಿ ಬರೆಸಿ ಹಂಚಿದವಳು. ಒಂದು ಪುಸ್ತಕ ಹಾಳಾಗಿ ಹೋಗಬಾರದು ಅಂತ ಒಬ್ಬ ಹೆಣ್ಣುಮಗಳು ಇಷ್ಟು ಮಾಡಿದ್ದಾಳೆ. ನನಗೆ ಲಕ್ಕುಂಡಿಯಲ್ಲಿ ಕೆತ್ತನೆಗಿಂತ ಇದು ದೊಡ್ಡದು ಅನಿಸುತ್ತದೆ. ಒಳಗೆ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ಮೂರ್ತಿಗಳಿವೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ, ತಕ್ಷಣ ಫೋನಿನ ಲೈಟ್ ಹಾಕಬೇಡಿ.

ಮೂರನೆಯದು ಮಾಣಿಕೇಶ್ವರ ಗುಡಿ, ಅದರ ಪಕ್ಕದ ಮುಸುಕಿನ ಬಾವಿ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಗೋಡೆಯಲ್ಲಿ ಸಣ್ಣ ಸಣ್ಣ ಗುಡಿಗಳ ಹಾಗೆ ಗೂಡುಗಳು. ಮೆಟ್ಟಿಲು ಕಡಿದು, ಗೆಳತಿಯ ಅಮ್ಮನಿಗೆ ಇಳಿಯೋದು ಬೇಡ ಅಂತ ಮೊದಲೇ ಹೇಳಿದ್ದೇನೆ. ಮೇಲಿನಿಂದಲೇ ಪೂರ್ತಿ ಬಾವಿ ಕಾಣುತ್ತದೆ, ಕೂರಲು ಜಾಗವೂ ಇದೆ. ಮಕ್ಕಳನ್ನು ಕರೆದುಕೊಂಡು ಬಂದವರು ಮಾತ್ರ ಕೈ ಬಿಡಬೇಡಿ.

ಊರಲ್ಲಿ ಶಿಲ್ಪಗಳನ್ನು ಇಟ್ಟಿರುವ ಒಂದು ಮ್ಯೂಸಿಯಂ ಇದೆ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಗದಗ ಹಾದಿಯನ್ನು ನಾನು ಶನಿವಾರಕ್ಕೆ ಇಟ್ಟಿದ್ದಕ್ಕೆ ಅದೂ ಒಂದು ಕಾರಣ.

ಊಟ ಗದಗದಲ್ಲಿ. ಖಾನಾವಳಿ ಹುಡುಕಿ, ಹೋಟೆಲ್ ಬೇಡ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿದ್ದರೆ ಅಲ್ಲೇ ಕೂತುಬಿಡಿ. ಬೆಂಗಳೂರಿನವರಿಗೆ ಒಂದು ಮಾತು. ಖಾರ ಜಾಸ್ತಿ ಅನಿಸಿದರೆ ನೀರು ಕುಡಿಯಬೇಡಿ, ಮೊಸರು ಕೇಳಿ. ಬಡಿಸುವವರು ಮತ್ತೆ ತಂದು ಹಾಕುತ್ತಾರೆ.

ಮಧ್ಯಾಹ್ನ ಡಂಬಳ. ಗದಗದಿಂದ ಸುಮಾರು 20 ಕಿಲೋಮೀಟರ್. ದೊಡ್ಡಬಸಪ್ಪನ ಗುಡಿಗೆ ಅಂತಲೇ ಹೋಗುವುದು. ಹೊರಗೋಡೆ ನಕ್ಷತ್ರದ ಆಕಾರ, 24 ಮೂಲೆಗಳು. ಸುತ್ತ ನಡೆಯುತ್ತ ಹೋದರೆ ಪ್ರತಿ ಹೆಜ್ಜೆಗೂ ನೆರಳು ಬೇರೆ ಬೀಳುತ್ತದೆ. ಒಳಗೆ ದೊಡ್ಡ ಬಸವಣ್ಣ ಕೂತಿದ್ದಾನೆ. ಪಕ್ಕದಲ್ಲಿ ಕೆರೆ. ಡಂಬಳಕ್ಕೆ ಬಸ್ಸು ಕಡಿಮೆ, ಇದೊಂದಕ್ಕೆ ಸ್ವಂತ ಗಾಡಿ ಅಥವಾ ಬಾಡಿಗೆ ಕಾರು ಇದ್ದರೆ ಅನುಕೂಲ. ಬಸ್ಸಿನಲ್ಲೇ ಓಡಾಡುವವರು ಡಂಬಳ ಬಿಟ್ಟು ಲಕ್ಕುಂಡಿಯಲ್ಲೇ ಇನ್ನೂ ಸ್ವಲ್ಪ ಹೊತ್ತು ಇರಿ. ಹುಬ್ಬಳ್ಳಿಯಿಂದ ಗದಗಕ್ಕೆ ಬಸ್ಸು, ರೈಲು ಎರಡೂ ಇವೆ. ಗದಗದಿಂದ ಲಕ್ಕುಂಡಿಗೂ ಬಸ್ಸು ಸುಲಭ. ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ಇದೆ. ಕರ್ನಾಟಕದ ವಿಳಾಸ ಇರುವ ಆಧಾರ್ ಇಟ್ಟುಕೊಳ್ಳಿ.

ಸಂಜೆಗೆ ಗದಗ. ಈಗ ಕಾರಣ ಹೇಳುತ್ತೇನೆ. ಲಕ್ಕುಂಡಿಯ ಗುಡಿಗಳು ಇಲಾಖೆಯ ಸ್ಮಾರಕಗಳು, ಹಗಲೆಲ್ಲ ನೋಡಬಹುದು. ಗದಗದ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳಲ್ಲಿ ದಿನಾ ಪೂಜೆ ನಡೆಯುತ್ತದೆ. ಇಂಥ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದುಂಟು. ಸಂಜೆ ಹೋದರೆ ದೀಪ ಹಚ್ಚಿರುತ್ತಾರೆ, ಊರಿನ ಜನವೂ ಇರುತ್ತಾರೆ. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ, ಬ್ರಹ್ಮ, ವಿಷ್ಣು, ಮಹೇಶ್ವರ ಅಂತ. ಅದೇ ಆವರಣದಲ್ಲಿ ಸರಸ್ವತಿಯ ಗುಡಿ ಇದೆ. ಅದರ ಕಂಬಗಳನ್ನು ನೋಡದೆ ಬರಬೇಡಿ. ಒಂದು ಕಂಬದ ಹಾಗೆ ಇನ್ನೊಂದಿಲ್ಲ. ವೀರನಾರಾಯಣ ಗುಡಿಯಲ್ಲಿ ಒಂದು ಕಂಬವನ್ನು ತೋರಿಸಿ, ಕುಮಾರವ್ಯಾಸ ಇದರ ಹತ್ತಿರವೇ ಕೂತು ಭಾರತ ಬರೆದ ಅನ್ನುತ್ತಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಪದ್ಯ ಬರುತ್ತಿತ್ತಂತೆ.

ಹೊತ್ತು ಉಳಿದರೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಆಶ್ರಮ. ಕಣ್ಣು ಕಾಣದ ಮಕ್ಕಳಿಗೆ ಇಲ್ಲಿ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸುತ್ತಾರೆ. ಗವಾಯಿಗಳಿಬ್ಬರೂ ದೃಷ್ಟಿ ಇಲ್ಲದವರೇ. ಒಳಗೆ ಹೋಗುವ ಮುಂಚೆ ಫೋನ್ ಒಳಗಿಡಿ. ಮಕ್ಕಳು ಅಭ್ಯಾಸ ಮಾಡುತ್ತಿರುತ್ತಾರೆ, ಅದು ಶೋ ಅಲ್ಲ. ನಾನೂ ಅಲ್ಲಿ ಶೂಟ್ ಮಾಡಿಲ್ಲ. ಗೆಳತಿಯ ಅಮ್ಮನಿಗೆ ಶನಿವಾರದಲ್ಲಿ ಹೆಚ್ಚು ಇಷ್ಟವಾಗುವುದು ಇದೇ ಅಂತ ನನ್ನ ನಂಬಿಕೆ.

ನವೆಂಬರಿನಿಂದ ಫೆಬ್ರವರಿ ಒಳಗೆ ಬರುವವರಿಗೆ ಒಂದು ಸಣ್ಣ ಬದಲಾವಣೆ. ಡಂಬಳದ ಬದಲು ಮಾಗಡಿ ಕೆರೆ ಇಡಿ. ಶಿರಹಟ್ಟಿ ತಾಲೂಕಿನದು, ಗದಗದಿಂದ ಸುಮಾರು 26 ಕಿಲೋಮೀಟರ್. ಚಳಿಗಾಲಕ್ಕೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿದೆ. ಡ್ರೋನ್ ಹಾರಿಸಬೇಡಿ ದಯವಿಟ್ಟು. ಅಷ್ಟು ದೂರ ಹಾರಿ ಬಂದ ಹಕ್ಕಿಗಳನ್ನು ಒಂದು ರೀಲ್ಸಿಗಾಗಿ ಎಬ್ಬಿಸುವುದು ಸರಿಯಲ್ಲ.

ಈಗ ರವಿವಾರ. ಇವತ್ತು ಗಾಡಿ ಬೇಡ, ಚಿಗರಿ ಸಾಕು, ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸು. ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 20 ಕಿಲೋಮೀಟರ್. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. ರಸ್ತೆಯ ನಡುವೆ ಚಿಗರಿಗೆ ಅಂತಲೇ ಬೇರೆ ಲೇನ್ ಇದೆ. ನಿಲ್ದಾಣದಲ್ಲೇ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವುದು, ಎಸಿ ಬಸ್ಸು, ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ಬಾಗಿಲು. ಮಂಡಿ ನೋವಿರುವವರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಎಲ್ಲ ಕಡೆ ನಿಲ್ಲುವ ಬಸ್ಸೂ ಇದೆ, ನಡುವೆ ನಿಲ್ಲದ ಬಸ್ಸೂ ಇದೆ. ಹೋಗುವಾಗ ನಿಲ್ಲದ್ದು, ಬರುವಾಗ ನಿಲ್ಲುವುದು.

ಮೊದಲು ಧಾರವಾಡ. ಹುಬ್ಬಳ್ಳಿಯ ಗದ್ದಲದಿಂದ ಹೋದವರಿಗೆ ಗಾಳಿಯೇ ಬೇರೆ ಅನಿಸುತ್ತದೆ. ಇಲ್ಲಿಂದ ಮಲೆನಾಡು ಹತ್ತಿರ, ಮಳೆಗಾಲದಲ್ಲಿ ದಿನಗಟ್ಟಲೆ ಜಿಟಿಜಿಟಿ. ಸಾಧನಕೇರಿಗೆ ಆಟೋ ಮಾಡಿ. ಬೇಂದ್ರೆ ಅಜ್ಜ ಇದ್ದ ಮನೆ, ಪಕ್ಕದಲ್ಲಿ ಬೇಂದ್ರೆ ಭವನ, ಎದುರು ಕೆರೆ. ಅಲ್ಲಿಂದ ಮಲ್ಲಿಕಾರ್ಜುನ ಮನ್ಸೂರರ ಮನೆ, ಹೆಸರು ಮೃತ್ಯುಂಜಯ. ಈಗ ಸ್ಮಾರಕ. ಗೆಳತಿಯ ಅಮ್ಮನ ಹತ್ತಿರ ಕೇಳಿದೆ, "ಗಂಗೂಬಾಯಿ ಅವರದು ಹುಬ್ಬಳ್ಳಿ, ಮನ್ಸೂರರದು ಧಾರವಾಡ, ಭೀಮಸೇನ ಜೋಶಿ ಹುಟ್ಟಿದ್ದು ಗದಗ ಜಿಲ್ಲೆ. ಯಾರ ಮನೆಗೆ ಹೋಗೋಣ ಆಂಟಿ?" ಫೋನಿನಲ್ಲಿ ನಕ್ಕು, "ಎಲ್ಲರ ಮನೆಗೂ ಕರ್ಕೊಂಡ್ ಹೋಗಮ್ಮ, ಇಷ್ಟು ಹತ್ತಿರ ಹತ್ತಿರ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು. ಇಂಥ ಮನೆ-ಸ್ಮಾರಕಗಳು ದೊಡ್ಡ ಮ್ಯೂಸಿಯಂಗಳ ಹಾಗೆ ದಿನವಿಡೀ ತೆರೆದಿರುವುದಿಲ್ಲ. ಹೋಗುವ ಮುಂಚೆ ಒಂದು ಫೋನ್ ಮಾಡಿ.

ಪೇಢೆ ಲೈನ್ ಬಜಾರಿನಲ್ಲಿ. ಧಾರವಾಡ ಪೇಢೆಗೆ ಜಿಐ ಮಾನ್ಯತೆ ಇದೆ, ಅಂದರೆ ಈ ಊರಿನದೇ ಅನ್ನುವ ಅಧಿಕೃತ ಗುರುತು. ಹಾಲು ಇಂಗಿಸಿ, ಕಂದು ಬಣ್ಣ ಬರುವವರೆಗೆ ಹುರಿದು, ಸಕ್ಕರೆಪುಡಿಯಲ್ಲಿ ಹೊರಳಿಸುವ ಪೇಢೆ ಇದು. ಊರಿಗೆ ಒಯ್ಯಲು ಬೇರೆ, ದಾರಿಗೆ ಬೇರೆ ತೆಗೆದುಕೊಳ್ಳಿ.

ವಾಪಸ್ ಬರುವಾಗ ಉಣಕಲ್‌ನಲ್ಲಿ ಇಳಿಯಿರಿ. ಹೆಚ್ಚಿನವರು ಕೆರೆ ನೋಡಿ ಹೋಗುತ್ತಾರೆ. ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ, ದಂಡೆಯಲ್ಲಿ ಉದ್ಯಾನ, ಚೆನ್ನಾಗಿದೆ. ಆದರೆ ಊರಿನ ಒಳಗೆ ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರದೇ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಹಿಂದಿನ ದಿನ ಲಕ್ಕುಂಡಿ ನೋಡಿ ಬಂದ ಕಣ್ಣಿಗೆ ಇದು ತಕ್ಷಣ ಗುರುತು ಸಿಗುತ್ತದೆ. ಹುಬ್ಬಳ್ಳಿಯಲ್ಲೇ ಇರುವ ಎಷ್ಟೋ ಜನ ಇದನ್ನು ನೋಡಿಲ್ಲ. ನನಗೆ ಅದು ಬೇಸರದ ವಿಷಯ. ಚಿಗರಿ ನಿಲ್ದಾಣದಿಂದ ಸ್ವಲ್ಪ ದೂರ ಹೋದರೆ ಸಾಕು, ಹೋಗಿ ಬನ್ನಿ.

ಮಧ್ಯಾಹ್ನದ ಪ್ರಸಾದ ಸಿದ್ಧಾರೂಢ ಮಠದಲ್ಲಿ. ಯಾರು ಹೋದರೂ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಆಮೇಲೆ ಗದಗ ರಸ್ತೆ ಕಡೆಯ ರೈಲ್ವೆ ಮ್ಯೂಸಿಯಂ, ಮಕ್ಕಳಿದ್ದರೆ ಮಾತ್ರ. ಗಾಜಿನ ಮನೆಯೂ ಹಾಗೆಯೇ. ನಮಗೆ ಆ ಹೊತ್ತು ವಿಶ್ರಾಂತಿಗೆ.

ಸಂಜೆ ದುರ್ಗದ ಬೈಲ್. ಗಿರ್ಮಿಟ್ ಮತ್ತು ಮಿರ್ಚಿ. ಮಂಡಕ್ಕಿಗೆ ಹುಣಸೆಹಣ್ಣು, ಉಳ್ಳಾಗಡ್ಡಿಯ ಮಸಾಲೆ ಕಲಸಿ, ಮೇಲೆ ಪುಠಾಣಿ ಹಿಟ್ಟು, ಕೊತ್ತಂಬರಿ ಹಾಕುತ್ತಾರೆ. ಕಲಸಿದ ತಕ್ಷಣ ತಿನ್ನಬೇಕು. ಪಾರ್ಸಲ್ ಮಾಡಿಸಿಕೊಂಡರೆ ಮೆತ್ತಗಾಗಿಬಿಡುತ್ತದೆ.

ರಾತ್ರಿ ರೈಲಿಗೆ ಒಂದು ಎಚ್ಚರಿಕೆ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ನೋಡೋಕೆ ಖುಷಿ, ಆದರೆ ಬೋಗಿ ಆ ತುದಿಗೆ ಇದ್ದು ನೀವು ಈ ತುದಿಯಲ್ಲಿದ್ದರೆ ನಡೆಯುವುದು ಬಹಳ ಆಗುತ್ತದೆ. ಸಾಮಾನು, ವಯಸ್ಸಾದವರು ಇದ್ದರೆ ಅರ್ಧ ಗಂಟೆ ಮುಂಚೆ ಬನ್ನಿ. ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡಿನಲ್ಲಿ ನೋಡಿಕೊಳ್ಳಿ.

ಮಳೆ ಬಂದರೆ ಏನು ಬಿಡುವುದು? ಡಂಬಳ. ಎರೆ ಮಣ್ಣಿನ ಊರುಗಳಲ್ಲಿ ಮಳೆಗೆ ಕಾಲು ಎತ್ತಿಡಲು ಆಗುವುದಿಲ್ಲ, ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತದೆ.

ಇದನ್ನು ಎಡಿಟ್ ಮಾಡುವಾಗ ಗೆಳತಿಯ ಮೆಸೇಜ್ ಬಂತು. ಸೋಮವಾರಕ್ಕೂ ರಜೆ ಸಿಕ್ಕಿದೆ, ಹಂಪಿಗೆ ಹೋಗೋಣವಾ ಅಂತ. ಅಪ್ಪನಿಗೆ ಓದಿ ಹೇಳಿದೆ. "ಒಂದ ಹಾದಿ ಉಳದೈತೆಲ್ಲ, ಹಾವೇರಿ ಹಾದಿ" ಅಂದರು. ಹಾಗಾಗಿ ಸೋಮವಾರ ದಕ್ಷಿಣಕ್ಕೆ, ರೈಲಿನ ಟಿಕೆಟ್ ಒಂದು ದಿನ ಮುಂದಕ್ಕೆ. ಮೊದಲು ಬಂಕಾಪುರ. ಹಳೆ ಕೋಟೆಯೊಳಗೆ ನಗರೇಶ್ವರ ಗುಡಿ, ಅರವತ್ತು ಕಂಬದ ಗುಡಿ ಅಂತ ಹೆಸರು. ಆ ಕೋಟೆಯ ಪ್ರದೇಶವೇ ನವಿಲುಧಾಮ. ನಂತರ ಹಾವೇರಿಯ ಸಿದ್ಧೇಶ್ವರ ಗುಡಿ, ಪಶ್ಚಿಮಕ್ಕೆ ಮುಖ ಮಾಡಿರುವ ಗುಡಿ. ಬರುವಾಗ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಅವತ್ತೂ 6ಕ್ಕೇ ಹೊರಡಬೇಕು. ಬಿಸಿಲೇರಿದ ಮೇಲೆ ನವಿಲುಗಳು ಪೊದೆ ಸೇರಿಬಿಡುತ್ತವೆ.